ಮೇಲಿನ ಆರ್‌ಪಿಎಂನಲ್ಲಿ ಮುಗ್ಗರಿಸುವ ಎಂಜಿನ್: ಸ್ಟಾಕ್ ವರ್ಗದ ಡ್ರ್ಯಾಗ್ ಕಾರುಗಳಲ್ಲಿ ರಾಕರ್ ಮತ್ತು ವಾಲ್ವ್ ಭಾಗಗಳ ದೋಷ ಪತ್ತೆ

ಡ್ರ್ಯಾಗ್ ಓಟದಲ್ಲಿ, ಅಂದರೆ ನೇರ ಹಾದಿಯ ಕಾಲು ಮೈಲಿ ಪಂದ್ಯದಲ್ಲಿ, ಕಾರು ಗೆರೆಯಿಂದ ಚೆನ್ನಾಗಿಯೇ ಹೊರಡುತ್ತದೆ. ಮೊದಲ 60 ಅಡಿಯ ಸಮಯ ಎಂದಿನಂತೆಯೇ ಇದೆ, 330 ಅಡಿಯವರೆಗೂ ದೂರಿಲ್ಲ. ಆಮೇಲೆ ಎಂಜಿನ್ 6,400 ಆರ್‌ಪಿಎಂ ಹತ್ತಿರ ಬರುತ್ತಿದ್ದಂತೆ ಸದ್ದು ಒಡೆಯುತ್ತದೆ, ಮುಳ್ಳು ಅಲ್ಲೇ ತಡವರಿಸುತ್ತದೆ. ಕಾಲು ಮೈಲಿ ಮುಗಿದ ಮೇಲೆ ಕೈಗೆ ಬರುವ ಸಮಯದ ಚೀಟಿಯಲ್ಲಿ ಅಂತಿಮ ವೇಗ ಕಡಿಮೆಯಾಗಿರುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನ ಮಾಲೀಕರು ಮಾಡುವ ಮೊದಲ ಕೆಲಸ ಹೊಸ ರಾಕರ್ ಆರ್ಮ್‌ಗಳ, ಅಂದರೆ ಏತದಂತೆ ತೂಗಿ ವಾಲ್ವನ್ನು ಒತ್ತಿ ತೆರೆಯುವ ಭಾಗಗಳ, ಸೆಟ್‌ಗೆ ಹಣ ಕಟ್ಟುವುದು. ನನ್ನ ಅಭಿಪ್ರಾಯದಲ್ಲಿ ಅದು ಕಟ್ಟಕಡೆಯ ಕೆಲಸ. ವಾಲ್ವನ್ನು ಮುಚ್ಚುವ ಸ್ಪ್ರಿಂಗ್, ಕ್ಯಾಮ್‌ಶಾಫ್ಟಿನ ಚಲನೆಯನ್ನು ರಾಕರಿಗೆ ಮುಟ್ಟಿಸುವ ಪುಶ್‌ರಾಡ್, ರಾಕರ್ ಕೂರುವ ಸ್ಟಡ್ ಈ ಮೂರನ್ನು ಅಳೆದು ಸರಿಪಡಿಸದೆ ರಾಕರ್ ಆರಿಸಲು ಹೊರಟರೆ ಯಾವ ರಾಕರ್ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ.

ಇಲ್ಲಿ ಮಾದರಿಗೆ ತೆಗೆದುಕೊಂಡಿರುವುದು ಅಮೆರಿಕದ ಎನ್‌ಎಚ್‌ಆರ್‌ಎ (ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್) ಎಂಬ ಡ್ರ್ಯಾಗ್ ಓಟದ ಸಂಸ್ಥೆಯ ಸ್ಟಾಕ್ ಎಲಿಮಿನೇಟರ್ ವರ್ಗದಲ್ಲಿ ಓಡುವ 350 ಘನ ಇಂಚಿನ, ಅಂದರೆ 5.7 ಲೀಟರಿನ, ಸ್ಮಾಲ್ ಬ್ಲಾಕ್ ಶೆವ್ರೊಲೆ ವಿ8 ಎಂಜಿನ್. ಅಳತೆಗಳೆಲ್ಲ ಇಂಚು ಮತ್ತು ಪೌಂಡ್‌ನಲ್ಲಿವೆ, ಏಕೆಂದರೆ ಭಾಗಗಳ ಪೆಟ್ಟಿಗೆಯ ಮೇಲೆ ಇರುವುದೂ ತಪಾಸಣೆಯಲ್ಲಿ ಕೇಳುವುದೂ ಅದೇ. ಇಂಚಿನ ಸಾವಿರದಲ್ಲೊಂದು ಭಾಗವನ್ನು ನಮ್ಮ ಲೇತ್ ಅಂಗಡಿಗಳಲ್ಲಿ ಹೇಳುವಂತೆ ಥೌ ಎಂದೇ ಬರೆದಿದ್ದೇನೆ.

ಈ ವರ್ಗದ ಕಟ್ಟುಪಾಡು

1951ರಲ್ಲಿ ವಾಲಿ ಪಾರ್ಕ್ಸ್ ಕಟ್ಟಿದ ಎನ್‌ಎಚ್‌ಆರ್‌ಎಯ ವರ್ಗಗಳಲ್ಲಿ ಸ್ಟಾಕ್ ಎಲಿಮಿನೇಟರ್ ಹೆಸರಿಗೆ ಮಾತ್ರ ಸಾಧುವಾದದ್ದು. ಕಾರಿನ ತೂಕಕ್ಕೂ ಸಂಸ್ಥೆ ನಿಗದಿಪಡಿಸಿದ ಅಶ್ವಶಕ್ತಿಗೂ ಇರುವ ಅನುಪಾತದ ಮೇಲೆ ಒಳವರ್ಗ ತೀರ್ಮಾನವಾಗುತ್ತದೆ. ಕ್ಯಾಮ್‌ಶಾಫ್ಟ್ ವಿಷಯದಲ್ಲಿ ನಿಯಮದ ತಿರುಳು ಇಷ್ಟು: ವಾಲ್ವ್ ಮೇಲೇಳುವ ಎತ್ತರ, ಅಂದರೆ ಲಿಫ್ಟ್, ಕಾರ್ಖಾನೆಯ ಅಂಕಿಯನ್ನು ಮೀರುವಂತಿಲ್ಲ, ವಾಲ್ವ್ ಎಷ್ಟು ಹೊತ್ತು ತೆರೆದಿರಬೇಕು ಎಂಬ ಡ್ಯುರೇಶನ್‌ಗೆ ಅಂಥ ಕಟ್ಟು ಇಲ್ಲ.

ಈ ಒಂದು ಸಾಲಿನಿಂದಲೇ ವಾಲ್ವ್ ಭಾಗಗಳ ತಾಪತ್ರಯ ಶುರುವಾಗುತ್ತದೆ. ಎತ್ತರ ಹೆಚ್ಚಿಸಲಾಗದ ಕ್ಯಾಮ್ ತಯಾರಕರು ವಾಲ್ವನ್ನು ಸರಕ್ಕನೆ ಮೇಲೆತ್ತಿ, ಅಷ್ಟೇ ಎತ್ತರದಲ್ಲಿ ಆದಷ್ಟು ಹೊತ್ತು ನಿಲ್ಲಿಸಿ, ಸರಕ್ಕನೆ ಇಳಿಸುವ ಲೋಬ್, ಅಂದರೆ ಕ್ಯಾಮಿನ ಉಬ್ಬು, ಕೊರೆಯುತ್ತಾರೆ. 60ರ ದಶಕದ ಕೊನೆಯ ಮತ್ತು 70ರ ದಶಕದ ಅನೇಕ 350 ಎಂಜಿನ್‌ಗಳ ಲಿಫ್ಟ್ ಇನ್‌ಟೇಕ್‌ಗೆ 0.390 ಇಂಚು, ಎಕ್ಸಾಸ್ಟ್‌ಗೆ 0.410 ಇಂಚು. ಸುಮಾರು ಒಂದು ಸೆಂಟಿಮೀಟರ್. ಅಂಕಿ ನೋಡಿದರೆ ಸೌಮ್ಯ ಎಂಜಿನ್ ಅನ್ನಿಸಬೇಕು. ಆದರೆ ಆ ಒಂದು ಸೆಂಟಿಮೀಟರನ್ನು ಹತ್ತುವ ವೇಗ ಮೂಲ ವಿನ್ಯಾಸಕಾರರ ಲೆಕ್ಕದಲ್ಲೇ ಇರಲಿಲ್ಲ. ಅವರು ತಗಡು ಒತ್ತಿ ಮಾಡಿದ ರಾಕರ್, ಹೆಡ್‌ಗೆ ಒತ್ತಿ ಕೂರಿಸಿದ ಸ್ಟಡ್, ತೆಳು ಗೋಡೆಯ ಪುಶ್‌ರಾಡ್ ಕೊಟ್ಟದ್ದು ದಿನಸಿ ತರಲು ಹೋಗುವ ಕಾರಿಗೆ.

ರಾಕರ್ ಮೂಲ ಮಾದರಿಯದೇ ಇರಬೇಕು, ಅದರ ಅನುಪಾತ (ಪುಶ್‌ರಾಡ್ ಏರಿದ್ದಕ್ಕೆ ವಾಲ್ವ್ ಎಷ್ಟು ಪಟ್ಟು ಚಲಿಸುತ್ತದೆ ಎಂಬ ಅಂಕಿ) ಮೂಲದ್ದೇ ಇರಬೇಕು ಎಂಬುದು ಈ ವರ್ಗದ ಸಾಮಾನ್ಯ ನಿಲುವು. ಯಾವ ಬದಲಿ ಭಾಗಕ್ಕೆ ಒಪ್ಪಿಗೆ ಇದೆ ಎಂಬುದು ಕಾಲಕಾಲಕ್ಕೆ ಬದಲಾಗುತ್ತದೆ. ಮಾರುವವರ ಮಾತು ನಂಬಬೇಡಿ. ಆ ವರ್ಷದ ನಿಯಮ ಪುಸ್ತಕವನ್ನೂ ಒಪ್ಪಿತ ಭಾಗಗಳ ಪಟ್ಟಿಯನ್ನೂ ತೆರೆದು ನೋಡಿ. ಕೆಳಗೆ ಹೇಳುವ ಪ್ರತಿಯೊಂದು ಬದಲಾವಣೆಗೂ ಈ ಷರತ್ತು ಅನ್ವಯಿಸುತ್ತದೆ, ಮತ್ತೆ ಮತ್ತೆ ಹೇಳುವುದಿಲ್ಲ.

ಮೊದಲು ಇದು ವಾಲ್ವ್ ದೋಷವೇ ಎಂದು ಖಚಿತಪಡಿಸಿಕೊಳ್ಳಿ

ವಾಲ್ವ್ ಕವರ್ ಬಿಚ್ಚುವ ಮೊದಲು ಆರ್‌ಪಿಎಂ ದಾಖಲೆಯನ್ನು ಎದುರಿಗಿಟ್ಟುಕೊಳ್ಳಿ. ಎಲ್ಲ ಗೇರ್‌ಗಳಲ್ಲೂ ಹೆಚ್ಚುಕಡಿಮೆ ಅದೇ ಆರ್‌ಪಿಎಂನಲ್ಲಿ ಎಂಜಿನ್ ಮುಗ್ಗರಿಸುತ್ತಿದ್ದರೆ ವಾಲ್ವ್ ಕಡೆಗೆ ಬೆರಳು ಮಾಡಬಹುದು. ಮೊದಲ ಗೇರಿನಲ್ಲಿ 6,800 ನಿರಾಯಾಸವಾಗಿ ದಾಟಿ, ಕೊನೆಯ ಗೇರಿನಲ್ಲಿ ಓಟದ ಕೊನೆಗೆ ಮಾತ್ರ ಬಸವಳಿಯುತ್ತಿದ್ದರೆ ಇಂಧನ ಸಾಲುತ್ತಿಲ್ಲ. ಕಾರ್ಬುರೇಟರಿನ ಬಟ್ಟಲು ಬರಿದಾಗುತ್ತಿದೆ. ಪಂಪ್, ಫಿಲ್ಟರ್, ನೀಡಲ್ ವಾಲ್ವ್ ನೋಡಿ. ಮುಗ್ಗರಿಕೆ ಒಮ್ಮೆ 5,200ರಲ್ಲಿ, ಮತ್ತೊಮ್ಮೆ 6,100ರಲ್ಲಿ, ಟ್ಯಾಕೋಮೀಟರಿನ ಮುಳ್ಳು ಹುಚ್ಚಾಗಿ ಕುಣಿಯುತ್ತ ಬಂದರೆ ಇಗ್ನಿಷನ್ ಅನ್ನು ಅನುಮಾನಿಸಿ. ಅದು ಹೆಚ್ಚಾಗಿ ಸಿಲಿಂಡರಿನ ಒತ್ತಡ ಜಾಸ್ತಿ ಇರುವಲ್ಲಿ, ಟಾರ್ಕ್ ಉತ್ತುಂಗದ ಸುತ್ತ ಕಾಣಿಸಿಕೊಳ್ಳುತ್ತದೆ.

ಎಂಜಿನ್ ಬಿಚ್ಚದೆ ಮಾಡಬಹುದಾದ ಇನ್ನೊಂದು ಪರೀಕ್ಷೆ ಗೇರ್ ಬದಲಿಸುವ ಆರ್‌ಪಿಎಂ ಅನ್ನು 300ರಷ್ಟು ಇಳಿಸಿ ಓಡಿಸುವುದು. ಸಮಯ ಕೆಡದೆ ಉಳಿದರೆ ಅಥವಾ ಸುಧಾರಿಸಿದರೆ, ಆ ಮೇಲಿನ 300ರಲ್ಲಿ ಎಂಜಿನ್ ಏನೂ ದುಡಿಯುತ್ತಿರಲಿಲ್ಲ ಎಂದಾಯಿತು. ಈ ಪರೀಕ್ಷೆ ದೋಷ ಎಲ್ಲಿದೆ ಎಂದು ಹೇಳುವುದಿಲ್ಲ, ದೋಷದ ಮೇಲ್ಗಡಿಯನ್ನು ತೋರಿಸುತ್ತದೆ. ಆ ಆರ್‌ಪಿಎಂ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಹೈಡ್ರಾಲಿಕ್ ಲಿಫ್ಟರ್ (ಕ್ಯಾಮ್ ಮತ್ತು ಪುಶ್‌ರಾಡ್ ನಡುವಿನ, ಎಣ್ಣೆ ತುಂಬಿದ ಭಾಗ) ಇರುವ ಎಂಜಿನ್ ಇನ್ನೂ ಒಂದು ಸುಳಿವು ಕೊಡುತ್ತದೆ. ವಾಲ್ವ್ ತೇಲಿದ ಕ್ಷಣದಲ್ಲಿ, ಅಂದರೆ ಅದು ಲೋಬನ್ನು ಹಿಂಬಾಲಿಸಲಾರದೆ ಹಿಡಿತ ತಪ್ಪಿದಾಗ, ಪುಶ್‌ರಾಡ್ ಮತ್ತು ರಾಕರ್ ನಡುವೆ ಸಂದು ಬೀಳುತ್ತದೆ. ಲಿಫ್ಟರಿನ ಪ್ಲಂಜರ್ ಎಣ್ಣೆಯ ಒತ್ತಡದಿಂದ ಮೇಲೆದ್ದು ಆ ಸಂದನ್ನು ತುಂಬಿಬಿಡುತ್ತದೆ, ನಂತರ ವಾಲ್ವ್ ಸೀಟಿಗೆ ಪೂರ್ತಿ ಕೂರುವುದಿಲ್ಲ. ಆದ್ದರಿಂದ ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ಒಂದೆರಡು ಕ್ಷಣ ಕುಂಟುತ್ತದೆ, ಆಮೇಲೆ ತಾನಾಗಿ ಸರಿಹೋಗುತ್ತದೆ. ಸಾಲಿಡ್ ಲಿಫ್ಟರ್ ಎಂಜಿನ್ ಹೀಗೆ ಮಾಡುವುದಿಲ್ಲ, ಆರ್‌ಪಿಎಂ ಇಳಿದ ತಕ್ಷಣ ಚೇತರಿಸಿಕೊಳ್ಳುತ್ತದೆ. ಇಲ್ಲಿ ಅನೇಕರು ಲಿಫ್ಟರಿಗೆ ಶಾಪ ಹಾಕಿ ಹೊಸದನ್ನು ಕೊಳ್ಳುತ್ತಾರೆ. ಲಿಫ್ಟರ್ ಉಬ್ಬಿದ್ದು ವಾಲ್ವ್ ತೇಲಿದ್ದರ ಫಲ. ತೇಲಿಕೆ ನಿಲ್ಲಿಸದೆ ಲಿಫ್ಟರ್ ಬದಲಿಸಿದರೆ ಹೊಸದೂ ಉಬ್ಬುತ್ತದೆ.

ಲ್ಯಾಶ್ ಯಾವ ಕಡೆಗೆ ಸರಿದಿದೆ?

ಸಾಲಿಡ್ ಲಿಫ್ಟರ್ ಇದ್ದರೆ, ಕವರ್ ತೆಗೆದು ಫೀಲರ್ ಗೇಜ್ ಹಿಡಿದು ಹದಿನಾರು ವಾಲ್ವ್‌ಗಳ ಲ್ಯಾಶ್, ಅಂದರೆ ವಾಲ್ವ್ ಮುಚ್ಚಿದಾಗ ಅದರ ತುದಿಗೂ ರಾಕರಿಗೂ ನಡುವೆ ಇರುವ ಸಂದು, ಅಳೆಯಿರಿ. ಅಂಬಾಸಿಡರ್ ಕಾರಿನ ಟ್ಯಾಪೆಟ್ ಹೊಂದಿಸಿ ಗೊತ್ತಿರುವ ನಮ್ಮೂರಿನ ಯಾವ ಮೆಕ್ಯಾನಿಕ್‌ಗೂ ಈ ಕೆಲಸ ಹೊಸದಲ್ಲ. ಅದೂ ಪುಶ್‌ರಾಡ್ ಎಂಜಿನ್ನೇ. ಆದರೆ ಅಳೆದು ಹೊಂದಿಸಿ ಮುಚ್ಚಿಬಿಡುವುದು ಇಲ್ಲಿ ಸಾಲದು. ಹಿಂದಿನ ಬಾರಿ ಎಷ್ಟಿತ್ತು, ಈಗ ಎಷ್ಟಿದೆ, ಯಾವ ಸಿಲಿಂಡರಿನಲ್ಲಿ ಎಂದು ಕೋಷ್ಟಕ ಇಡಬೇಕು. ನನ್ನ ಮಟ್ಟಿಗೆ ಈ ಕೋಷ್ಟಕ ಯಾವ ದುಬಾರಿ ಉಪಕರಣಕ್ಕಿಂತಲೂ ಹೆಚ್ಚು ಮಾತಾಡುತ್ತದೆ.

ಲ್ಯಾಶ್ ಹೆಚ್ಚಿದ್ದರೆ ಪುಶ್‌ರಾಡ್ ಬದಿಯಲ್ಲೋ ರಾಕರಿನಲ್ಲೋ ಲೋಹ ಸವೆದಿದೆ, ಇಲ್ಲವೇ ನಟ್ ಸಡಿಲವಾಗಿದೆ. ಕಾರ್ಖಾನೆಯ ಹಿಂಡಿದ ನಟ್‌ಗಳನ್ನು ಪದೇ ಪದೇ ತಿರುಗಿಸಿದರೆ ಅವುಗಳ ಬಿಗಿ ಹೋಗುತ್ತದೆ, ಆಗ ಗೊತ್ತುಗುರಿಯಿಲ್ಲದೆ ಬೇರೆ ಬೇರೆ ವಾಲ್ವ್‌ಗಳ ಲ್ಯಾಶ್ ಬಿಚ್ಚಿಕೊಳ್ಳುತ್ತದೆ. ಒಳಗೆ ಸೆಟ್ ಸ್ಕ್ರೂ ಇರುವ ಪಾಲಿ ಲಾಕ್ ಹಾಕಿದರೆ ಇದು ನಿಲ್ಲುತ್ತದೆ, ಆದರೆ ಸ್ಟಡ್‌ನ ತಲೆ ಚಪ್ಪಟೆಯಾಗಿ ನಯವಾಗಿರಬೇಕು. ಒರಟು ತಲೆಯ ಹಳೆಯ ಸ್ಟಡ್ ಮೇಲೆ ಸೆಟ್ ಸ್ಕ್ರೂ ಕಚ್ಚಿ ನಿಲ್ಲುವುದಿಲ್ಲ.

ಒಂದೇ ವಾಲ್ವ್‌ನಲ್ಲಿ ಲ್ಯಾಶ್ ಪ್ರತಿ ಬಾರಿಯೂ ಹೆಚ್ಚುತ್ತಲೇ ಇದ್ದರೆ ಕ್ಯಾಮ್ ಲೋಬ್ ಸವೆಯುತ್ತಿರುವ ಸಾಧ್ಯತೆ ಬಲವಾಗಿದೆ. ಚಪ್ಪಟೆ ತಳದ ಲಿಫ್ಟರಿನ ತಳ ನಿಜಕ್ಕೂ ಪೂರ್ತಿ ಚಪ್ಪಟೆಯಲ್ಲ, ನವಿರಾದ ಉಬ್ಬು ಇರುತ್ತದೆ, ಲೋಬ್‌ಗೂ ಸಣ್ಣ ಓರೆ ಇರುತ್ತದೆ. ಇವೆರಡೂ ಸೇರಿ ಲಿಫ್ಟರನ್ನು ತಿರುಗಿಸುತ್ತಿರಬೇಕು. ಎಂಜಿನ್ ನಿಧಾನಕ್ಕೆ ಓಡುವಾಗ ಪುಶ್‌ರಾಡ್‌ಗಳು ತಿರುಗುತ್ತಿವೆಯೇ ನೋಡಿ. ತಿರುಗದೆ ನಿಂತದ್ದು ಬೇಗನೆ ಲೋಬ್ ತಿನ್ನುತ್ತದೆ. ಲೋಹ ಲೋಹಕ್ಕೆ ಉಜ್ಜುವಲ್ಲಿ ಕಾಪಾಡುವ ಸತು ಮತ್ತು ರಂಜಕದ ಅಂಶ ಇಂದಿನ ಸಾಮಾನ್ಯ ಕಾರುಗಳ ಎಣ್ಣೆಯಲ್ಲಿ ಹಿಂದಿಗಿಂತ ಕಡಿಮೆ, ಹಾಗಾಗಿ ಎಣ್ಣೆಯ ಡಬ್ಬಿಯನ್ನೂ ಅನುಮಾನಿಸಿ. ಹೊಸ ಕ್ಯಾಮನ್ನು ಮೊದಲ ಇಪ್ಪತ್ತು ನಿಮಿಷ 2,000 ಆರ್‌ಪಿಎಂ ಆಸುಪಾಸಿನಲ್ಲಿ, ಹಗುರ ಸ್ಪ್ರಿಂಗ್‌ನೊಂದಿಗೆ ಓಡಿಸುವ ಹಳೆಯ ಪದ್ಧತಿಗೆ ಕಾರಣವೂ ಇದೇ ಸವೆತ.

ಲ್ಯಾಶ್ ಕಡಿಮೆಯಾಗಿದ್ದರೆ ಕಥೆ ಬೇರೆ. ವಾಲ್ವ್ ಮೇಲಕ್ಕೆ ಬಂದಿದೆ ಎಂದು ಅರ್ಥ. ಸೀಟ್ ಒಳಕ್ಕೆ ತಗ್ಗಿದೆ ಅಥವಾ ವಾಲ್ವ್‌ನ ತಲೆ ಹಿಗ್ಗಿ ಬಾಗಿದೆ. ತೇಲಿದ ವಾಲ್ವ್ ಸೀಟಿನ ಮೇಲೆ ಬಡಿದು ಬಡಿದು ಪುಟಿದದ್ದರ ಫಲವೂ ಇದಾಗಿರಬಹುದು. ಇದನ್ನು ಕಂಡ ದಿನ ಕಾರು ಓಡಿಸಬೇಡಿ. ಹಿಗ್ಗಿದ ವಾಲ್ವ್ ತಲೆ ಕಳಚಿ ಪಿಸ್ಟನ್ ಮೇಲೆ ಬಿದ್ದರೆ ಚರ್ಚಿಸಲು ಎಂಜಿನ್ ಉಳಿಯುವುದಿಲ್ಲ.

ಲಿಫ್ಟನ್ನು ಎರಡು ಬಾರಿ ಅಳೆಯುವುದು

ಡಯಲ್ ಗೇಜನ್ನು ರಿಟೇನರ್ (ಸ್ಪ್ರಿಂಗಿನ ಮೇಲ್ತುದಿಯ ಬಿಲ್ಲೆ) ಮೇಲೆ, ವಾಲ್ವ್ ಚಲಿಸುವ ದಿಕ್ಕಿಗೆ ಸರಿಯಾಗಿ ನಿಲ್ಲಿಸಿ. ಓರೆಯಾಗಿ ನಿಂತ ಗೇಜ್ ಸುಳ್ಳು ಹೇಳುತ್ತದೆ. ಲ್ಯಾಶ್ ಸೊನ್ನೆ ಮಾಡಿ, ಹೈಡ್ರಾಲಿಕ್ ಎಂಜಿನ್ ಆದರೆ ಅಳತೆಗಾಗಿ ಒಂದು ಸಾಲಿಡ್ ಲಿಫ್ಟರ್ ಕೂರಿಸಿ. ಮೊದಲು ಕೈಯಲ್ಲೇ ಒತ್ತಬಹುದಾದ ಹಗುರ ಪರೀಕ್ಷಾ ಸ್ಪ್ರಿಂಗ್ ಹಾಕಿ ಕ್ರ್ಯಾಂಕ್ ತಿರುಗಿಸಿ ಗರಿಷ್ಠ ಲಿಫ್ಟ್ ಬರೆದುಕೊಳ್ಳಿ. ಆಮೇಲೆ ಓಟಕ್ಕೆ ಬಳಸುವ ನಿಜವಾದ ಸ್ಪ್ರಿಂಗ್ ಹಾಕಿ ಅದೇ ವಾಲ್ವನ್ನು ಮತ್ತೆ ಅಳೆಯಿರಿ.

ಎರಡರ ನಡುವಿನ ವ್ಯತ್ಯಾಸವೇ ಈ ಕೈಪಿಡಿಯ ಮುಖ್ಯ ಅಂಕಿ. ಉದಾಹರಣೆಗೆ ಹಗುರ ಸ್ಪ್ರಿಂಗ್‌ನಲ್ಲಿ 0.389 ಬಂದು ನಿಜದ ಸ್ಪ್ರಿಂಗ್‌ನಲ್ಲಿ 0.381 ಬಂದರೆ ಪುಶ್‌ರಾಡ್, ರಾಕರ್, ಸ್ಟಡ್ ಸೇರಿ 8 ಥೌ ಬಾಗುತ್ತಿವೆ. ಇದು ಎಂಜಿನ್ ನಿಂತಿರುವಾಗಿನ ಬಾಗುವಿಕೆ. 6,400 ಆರ್‌ಪಿಎಂನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 53 ಬಾರಿ ತೆರೆದು ಮುಚ್ಚುವಾಗ ಜಡತ್ವದ ಬಲ ಸೇರಿ ಅದು ಇನ್ನೂ ಹೆಚ್ಚುತ್ತದೆ. ಬಾಗಿದ ಪುಶ್‌ರಾಡ್ ಸುಮ್ಮನಿರುವುದಿಲ್ಲ, ಮತ್ತೆ ನೆಟ್ಟಗಾಗುತ್ತ ವಾಲ್ವನ್ನು ಲೋಬಿನ ಆಚೆಗೆ ಎಸೆಯುತ್ತದೆ. ಸ್ಪ್ರಿಂಗ್ ಸೋತಿದೆ ಎಂದು ನಾವು ಅಂದುಕೊಳ್ಳುವ ಎಷ್ಟೋ ತೇಲಿಕೆಗಳ ಹುಟ್ಟು ಇಲ್ಲಿದೆ. ಆಗ ಸ್ಪ್ರಿಂಗ್ ಇನ್ನಷ್ಟು ಗಡುಸು ಮಾಡಿದರೆ ಪುಶ್‌ರಾಡ್ ಇನ್ನಷ್ಟು ಬಾಗುತ್ತದೆ, ದೋಷ ಉಲ್ಬಣಿಸುತ್ತದೆ.

ಯಾವ ಭಾಗದ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ನೋಡಿ. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ 300 ಪೌಂಡ್ ಒತ್ತುತ್ತದೆ ಎಂದಿಟ್ಟುಕೊಳ್ಳೋಣ. ಅನುಪಾತ 1.5 ಆದ್ದರಿಂದ ಪುಶ್‌ರಾಡ್ ಮೇಲೆ 450 ಪೌಂಡ್. ಏತದ ನಡುಗಂಬದ ಹಾಗೆ ಸ್ಟಡ್ ಎರಡೂ ಬದಿಯ ಭಾರವನ್ನು ಹೊರಬೇಕು: 750 ಪೌಂಡ್, ಅದೂ ಮೇಲಕ್ಕೆ ಎಳೆಯುವ ಬಲ. 1.7 ಅನುಪಾತದ ಬಿಗ್ ಬ್ಲಾಕ್ ಶೆವ್ರೊಲೆಯಲ್ಲಿ ಅದೇ ಸ್ಪ್ರಿಂಗ್ ಸ್ಟಡ್ ಮೇಲೆ 810 ಪೌಂಡ್ ಹೇರುತ್ತದೆ. ಆ ಎಂಜಿನ್‌ಗೆ ಕಾರ್ಖಾನೆಯೇ 7/16 ಇಂಚಿನ ಸ್ಟಡ್ ಕೊಟ್ಟಿತು. ಸ್ಮಾಲ್ ಬ್ಲಾಕಿನದು 3/8 ಇಂಚು, ಬಹುತೇಕ ಹೆಡ್‌ಗಳಲ್ಲಿ ಬರೀ ಒತ್ತಿ ಕೂರಿಸಿದ್ದು. ಸ್ಟಡ್‌ಗಳ ತಲೆಗೆ ನೇರವಾದ ಪಟ್ಟಿಯೊಂದನ್ನು ಅಡ್ಡ ಇಟ್ಟು ನೋಡಿದರೆ ಮೇಲೆದ್ದು ಬಂದದ್ದು ತಕ್ಷಣ ಕಾಣುತ್ತದೆ. ಒಂದು ಎದ್ದಿದ್ದರೂ ಎಲ್ಲವನ್ನೂ ತೆಗೆದು, ಸ್ಕ್ರೂನಂತೆ ತಿರುಗಿಸಿ ಕೂರಿಸುವ ಸ್ಟಡ್ ಹಾಕುವುದು ವಾಸಿ. ಎದ್ದದ್ದನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದು ಕೆಲಸವಲ್ಲ.

ಸ್ಪ್ರಿಂಗ್

ಕಾರ್ಖಾನೆಯ 350 ಸ್ಪ್ರಿಂಗ್ 1.70 ಇಂಚು ಎತ್ತರದಲ್ಲಿ ಸುಮಾರು 80 ಪೌಂಡ್, 1.25 ಇಂಚಿಗೆ ಒತ್ತಿದಾಗ ಸುಮಾರು 200 ಪೌಂಡ್ ತೋರುತ್ತದೆ. ಅಂದರೆ ಪ್ರತಿ ಇಂಚಿಗೆ 267 ಪೌಂಡ್. ಈ ಲೆಕ್ಕ ಗೊತ್ತಿದ್ದರೆ ಕೂರಿಸುವ ಎತ್ತರದ ಮಹತ್ವ ಅರ್ಥವಾಗುತ್ತದೆ: ವಾಲ್ವ್ ಕೆಲಸ ಮಾಡಿಸಿದ ಮೇಲೆ ಸ್ಪ್ರಿಂಗ್ 30 ಥೌ ಸಡಿಲವಾಗಿ ಕೂತರೂ ಸೀಟಿನ ಒತ್ತಡದಲ್ಲಿ 8 ಪೌಂಡ್ ಹೋಯಿತು. ಗಡುಸಾದ ಓಟದ ಸ್ಪ್ರಿಂಗ್‌ನಲ್ಲಿ ನಷ್ಟ ಇನ್ನೂ ಹೆಚ್ಚು. ಹದಿನಾರರಲ್ಲಿ ಒಂದು ಸಡಿಲವಿದ್ದರೂ ತೇಲಿಕೆ ಅಲ್ಲಿಂದಲೇ ಶುರು, ಉಳಿದ ಹದಿನೈದರ ಗುಣ ವ್ಯರ್ಥ. ತೆಳು ಷಿಮ್‌ಗಳಿಂದ ಎಲ್ಲವನ್ನೂ ಒಂದೇ ಎತ್ತರಕ್ಕೆ ತನ್ನಿ.

ಹೆಡ್ ಬಿಚ್ಚದೆ ಸೀಟಿನ ಒತ್ತಡ ಅಳೆಯುವ ಉಪಕರಣ ಸಿಗುತ್ತದೆ, ಕೊಳ್ಳುವುದು ಸಾರ್ಥಕ. ಹೊಸದಾಗಿದ್ದಾಗಿನ ಅಂಕಿಗೆ ಹೋಲಿಸಿ ಶೇಕಡಾ 10ರಷ್ಟು ಬಿದ್ದಿದ್ದರೆ ಬದಲಿಸಿ. ಅಂಕಿ ಸರಿಯಿದ್ದರೂ ಸುರುಳಿಗಳ ನಡುವೆ ಹೊಳಪು ಗುರುತು, ಡ್ಯಾಂಪರ್ ಪಟ್ಟಿಯ ಪುಡಿ, ತಳದ ಬಟ್ಟಲಿನಲ್ಲಿ ಸ್ಪ್ರಿಂಗ್ ತಿರುಗಿ ಕೊರೆದ ವೃತ್ತ ಕಂಡರೆ ಅದು ತನ್ನದೇ ಕಂಪನಕ್ಕೆ ಸಿಕ್ಕಿ ನಲುಗುತ್ತಿದೆ. ಆಗ ಬೇಕಾದದ್ದು ಬೇರೆ ಸ್ವಭಾವದ ಸ್ಪ್ರಿಂಗ್. ಅದೇ ಸ್ಪ್ರಿಂಗನ್ನು ಇನ್ನಷ್ಟು ಬಿಗಿ ಮಾಡುವುದರಿಂದ ಫಲವಿಲ್ಲ. ನಿಯಮ ಬಿಡುವಲ್ಲಿ ಮೇಲಕ್ಕೆ ಕಿರಿದಾಗುವ ಬೀಹೈವ್ ಸ್ಪ್ರಿಂಗ್ ಎರಡು ಲಾಭ ಕೊಡುತ್ತದೆ: ಅದರ ಸುರುಳಿಗಳೆಲ್ಲ ಒಂದೇ ಆವರ್ತನದಲ್ಲಿ ಕಂಪಿಸುವುದಿಲ್ಲ, ರಿಟೇನರ್ ಕೂಡ ಚಿಕ್ಕದಾಗಿ ಹಗುರವಾಗುತ್ತದೆ. ಪೂರ್ತಿ ಲಿಫ್ಟ್‌ನಲ್ಲಿ ಸುರುಳಿಗಳು ಒಂದಕ್ಕೊಂದು ಅಂಟುವ ಮೊದಲು ಸುಮಾರು 60 ಥೌ ಉಳಿದಿರಲಿ, ರಿಟೇನರ್ ಮತ್ತು ಸೀಲ್ ನಡುವೆಯೂ ಅಷ್ಟೇ.

ತೂಕ ಯಾವ ಬದಿಯಲ್ಲಿರಬೇಕು

ರಾಕರಿನ ವಾಲ್ವ್ ಬದಿಯಲ್ಲಿ ಇರುವ ಒಂದು ಗ್ರಾಂ ಒಂದು ಗ್ರಾಮೇ. ಪುಶ್‌ರಾಡ್ ಬದಿಯ ಒಂದು ಗ್ರಾಂ ಮಾತ್ರ ಸ್ಪ್ರಿಂಗ್‌ಗೆ ಅಷ್ಟು ಭಾರವಾಗಿ ತೋರುವುದಿಲ್ಲ. ಅನುಪಾತವನ್ನು ಅದರಿಂದಲೇ ಗುಣಿಸಿದ ಅಂಕಿಯಿಂದ, ಅಂದರೆ 2.25ರಿಂದ, ಭಾಗಿಸಿದಷ್ಟೇ ತೋರುತ್ತದೆ. ಪುಶ್‌ರಾಡ್ ದಪ್ಪವಾದರೆ ತೂಕ ಹೆಚ್ಚುತ್ತದೆ ಎಂದು ಅಂಜುವವರು ಈ ಭಾಗಾಕಾರವನ್ನು ಮಾಡಿಲ್ಲ. ಗಡುಸುತನಕ್ಕಾಗಿ ಅಲ್ಲಿ ಧಾರಾಳವಾಗಿ ತೂಕ ಕೊಡಿ. ತೂಕ ತೆಗೆಯುವುದಿದ್ದರೆ ರಿಟೇನರ್, ಅದನ್ನು ವಾಲ್ವ್‌ಗೆ ಹಿಡಿದಿಡುವ ಕೀಪರ್, ರಾಕರಿನ ಮೂತಿ, ಈ ಬದಿಯಲ್ಲಿ ತೆಗೆಯಿರಿ.

ಸ್ಮಾಲ್ ಬ್ಲಾಕಿನ 5/16 ಇಂಚಿನ ಪುಶ್‌ರಾಡ್‌ನಲ್ಲಿ ಗೋಡೆ 0.080 ಇಂಚು ದಪ್ಪದ, ಒಂದೇ ತುಂಡಿನ, ಹದಗೊಳಿಸಿದ ಉಕ್ಕಿನದು ನನ್ನ ಮೊದಲ ಆಯ್ಕೆ. ಹೆಡ್‌ನ ಸೀಳಿನಲ್ಲಿ ಜಾಗ ಇದ್ದರೆ ಇನ್ನೂ ದಪ್ಪದ್ದು. ಸೀಳಿಗೆ ಉಜ್ಜುತ್ತಿದೆಯೇ ಎಂದು ಪುಶ್‌ರಾಡ್ ಮೈಮೇಲಿನ ಹೊಳಪು ಪಟ್ಟೆ ಹೇಳುತ್ತದೆ. ಪುಶ್‌ರಾಡನ್ನು ನೇರ ಹಿಡಿದಿಡುವ ಗೈಡ್ ಪ್ಲೇಟ್ ಇರುವ ಎಂಜಿನ್‌ನಲ್ಲಿ ಹದಗೊಳಿಸದ ಪುಶ್‌ರಾಡ್ ಹಾಕಿದರೆ ಪ್ಲೇಟ್ ಅದನ್ನು ಗರಗಸದಂತೆ ಕೊಯ್ದು ಲೋಹದ ಪುಡಿಯನ್ನು ಎಣ್ಣೆಗೆ ಬೆರೆಸುತ್ತದೆ. ಬಿಚ್ಚಿದಾಗಲೆಲ್ಲ ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿ, ಕುಪ್ಪಳಿಸಿದರೆ ಬಾಗಿದೆ.

ಉದ್ದದ ವಿಷಯಕ್ಕೆ ಬಂದರೆ, ಹೆಡ್ ಮತ್ತು ಬ್ಲಾಕಿನ ಮೇಲ್ಮೈ ಹೆರೆಸಿದ್ದರೆ ಚಿಕ್ಕದು ಬೇಕಾಗುತ್ತದೆ, ಕ್ಯಾಮಿನ ತಳವೃತ್ತ ಕಿರಿದಾಗಿದ್ದರೆ ಉದ್ದನೆಯದು. ಊಹೆ ಬೇಡ. ಉದ್ದ ಬದಲಿಸಬಹುದಾದ ಪರೀಕ್ಷಾ ಪುಶ್‌ರಾಡ್ ಹಾಕಿ, ವಾಲ್ವ್ ತುದಿಗೆ ಬಣ್ಣ ಹಚ್ಚಿ, ಕ್ರ್ಯಾಂಕ್ ತಿರುಗಿಸಿ, ಉಜ್ಜಿದ ಗುರುತು ನೋಡಿ. ಉದ್ದವನ್ನು 50 ಥೌಗಳ ಹೆಜ್ಜೆಯಲ್ಲಿ ಬದಲಿಸುತ್ತ ಗುರುತು ಅತ್ಯಂತ ಕಿರಿದಾಗುವ ಉದ್ದವನ್ನು ಹುಡುಕಿ. ಗುರುತು ತುದಿಯ ಸರಿಮಧ್ಯದಲ್ಲಿರಬೇಕು ಎಂದು ಹಟ ಹಿಡಿಯುವವರಿದ್ದಾರೆ. ಅಂಚಿಗೆ ಬೀಳದಿರುವವರೆಗೆ ಕಿರಿದಾದ ಗುರುತೇ ಮೇಲು. ಒತ್ತಿದ ತಗಡಿನ ರಾಕರಿನ ಮೂತಿ ಉರುಳುವುದಿಲ್ಲ, ಜಾರುತ್ತದೆ, ಹಾಗಾಗಿ ಗುರುತು ರೋಲರ್ ರಾಕರಿನದಕ್ಕಿಂತ ಅಗಲವಾಗಿಯೇ ಇರುತ್ತದೆ. ಗಾಬರಿ ಬೇಡ.

ಈಗ ರಾಕರ್

ಒತ್ತಿದ ತಗಡಿನ ರಾಕರನ್ನು ಕೀಳಾಗಿ ಕಾಣುವ ಚಾಳಿ ಇದೆ. 1955ರಲ್ಲಿ ಶೆವ್ರೊಲೆ ಮತ್ತು ಪಾಂಟಿಯಾಕ್ ವಿ8ಗಳ ಜತೆ ಬಂದ ಈ ಚೆಂಡಿನ ಮೇಲೆ ಕೂರುವ ರಾಕರ್ ಅಗ್ಗವಷ್ಟೇ ಅಲ್ಲ, ಮೂತಿಯ ಕಡೆ ಬಹಳ ಹಗುರ. ಅದರ ನಿಜವಾದ ದೌರ್ಬಲ್ಯ ಅಸಮತೆ. 1.5 ಎಂದು ಹೇಳಿ ಮಾರುವ ರಾಕರ್‌ಗಳು ಅಳೆದಾಗ ಅದಕ್ಕಿಂತ ಹೆಚ್ಚೂ ಕಡಿಮೆಯೂ ಬರುತ್ತವೆ. ನಮ್ಮ ಎಂಜಿನ್‌ನ ಇನ್‌ಟೇಕ್ ಲೋಬ್ ಲಿಫ್ಟ್ 0.260 ಇಂಚು. ರಾಕರ್ ನಿಜವಾಗಿ 1.45 ಇದ್ದರೆ ವಾಲ್ವ್ 0.377 ಏರುತ್ತದೆ, ನಿಯಮ ಕೊಟ್ಟದ್ದರಲ್ಲಿ 13 ಥೌ ನಾವೇ ಬಿಟ್ಟುಕೊಟ್ಟಂತೆ. 1.53 ಇದ್ದರೆ 0.398, ತಪಾಸಣೆಯಲ್ಲಿ ಕಾರು ಹೊರಗೆ. ಆದ್ದರಿಂದ ಈ ವರ್ಗದಲ್ಲಿ ರಾಕರ್ ಆರಿಸುವುದು ಎಂದರೆ ಬಹುಮಟ್ಟಿಗೆ ಒಂದೇ ಮಾದರಿಯ ರಾಕರ್‌ಗಳ ರಾಶಿಯನ್ನು ಅಳೆದು, ಹದಿನಾರನ್ನು ಹೆಕ್ಕುವುದು. ಒಂದೇ ವಾಲ್ವ್ ಸ್ಥಾನದಲ್ಲಿ, ಅದೇ ಪುಶ್‌ರಾಡ್, ಅದೇ ಚೆಂಡು ಇಟ್ಟು ಒಂದೊಂದನ್ನೇ ಅಳೆದು ಬೆನ್ನ ಮೇಲೆ ಅಂಕಿ ಬರೆಯಿರಿ. ಬೇಸರದ ಕೆಲಸ, ಆದರೆ ಯಾವ ನಿಯಮವೂ ಇದನ್ನು ತಡೆಯುವುದಿಲ್ಲ.

ಮುರಿದ ರಾಕರ್ ಸಿಕ್ಕರೆ ಎಸೆಯುವ ಮೊದಲು ಎಲ್ಲಿ ಮುರಿದಿದೆ ನೋಡಿ. ಸ್ಟಡ್ ಹಾಯುವ ಸೀಳಿನ ತುದಿಯಲ್ಲಿ ಬಿರುಕು ಹುಟ್ಟಿದ್ದು, ಅಲ್ಲೇ ಸ್ಟಡ್‌ನ ಕತ್ತಿನಲ್ಲಿ ಕಚ್ಚಿದ ಗುರುತಿದ್ದರೆ ಸೀಳು ಉದ್ದ ಸಾಲದೆ ಸ್ಟಡ್‌ಗೆ ತಗುಲುತ್ತಿದೆ. 0.390 ಲಿಫ್ಟ್‌ನಲ್ಲಿ ಇದು ವಿರಳ. 1967ರಿಂದ 1969ರವರೆಗಿನ ಝಡ್/28 ಕಮಾರೊದ 302 ಎಂಜಿನ್‌ನಂತೆ 0.485ರ ಹತ್ತಿರ ಲಿಫ್ಟ್ ಇರುವಲ್ಲಿ ಸಾಮಾನ್ಯ, ಅಲ್ಲಿ ಉದ್ದ ಸೀಳಿನ ರಾಕರ್ ಬೇಕು. ಪೂರ್ತಿ ಮುಚ್ಚಿದಾಗ ಮತ್ತು ಪೂರ್ತಿ ತೆರೆದಾಗ ಸೀಳಿನ ಎರಡು ತುದಿಗಳಲ್ಲೂ 40 ಥೌ ದಪ್ಪದ ತಂತಿ ಸಲೀಸಾಗಿ ಹೋಗಬೇಕು. ಚೆಂಡು ನೀಲಿಗಟ್ಟಿದ್ದರೆ ಎಣ್ಣೆ ಸಾಕಷ್ಟು ಬಂದಿಲ್ಲ. ಎಣ್ಣೆ ಹರಿಯಲು ಗೀರು ಕೊರೆದ ಚೆಂಡು ಹಾಕಿ, ಜತೆಗೆ ಪುಶ್‌ರಾಡ್‌ನ ರಂಧ್ರ ಕಟ್ಟಿದೆಯೇ ನೋಡಿ. ರಾಕರಿನ ತಳ ದೊಡ್ಡ ರಿಟೇನರಿನ ಅಂಚಿಗೆ ಉಜ್ಜುತ್ತಿದ್ದರೆ ಹೊಳೆಯುವ ಅರ್ಧಚಂದ್ರ ಮೂಡಿರುತ್ತದೆ. ಅದು ಕೀಪರ್‌ಗಳನ್ನು ಕಳಚಿ ವಾಲ್ವನ್ನು ಸಿಲಿಂಡರಿಗೆ ಬೀಳಿಸಬಲ್ಲದು, ಹಾಗಾಗಿ ಆ ರಿಟೇನರನ್ನೇ ಬದಲಿಸಿ.

ರಾಕರ್ ಪಕ್ಕಕ್ಕೆ ಜಾರಿ ವಾಲ್ವ್ ತುದಿಯಿಂದ ಕೆಳಗಿಳಿದಿದ್ದರೆ ಹೊಂದದ ಭಾಗಗಳನ್ನು ಬೆರೆಸಿದ್ದಾರೆ ಎಂದು ಬಹುತೇಕ ಖಚಿತವಾಗಿ ಹೇಳಬಹುದು. ಹಳೆಯ ಸ್ಮಾಲ್ ಬ್ಲಾಕ್ ಹೆಡ್‌ಗಳಲ್ಲಿ ಪುಶ್‌ರಾಡ್‌ನ ಸೀಳೇ ರಾಕರನ್ನು ನೇರ ಇಡುತ್ತಿತ್ತು. 1987ರಿಂದ ಬಂದ ಹೆಡ್‌ಗಳಲ್ಲಿ ಆ ಕೆಲಸವನ್ನು ರಾಕರಿನ ಮೂತಿಯ ಎರಡು ಅಂಚುಗಳು ಮಾಡುತ್ತವೆ. ಹೊಸ ಹೆಡ್‌ಗೆ ಹಳೆಯ ರಾಕರ್ ಹಾಕಿದರೆ ಹಿಡಿದಿಡುವವರೇ ಇಲ್ಲ. ಅಂಚಿರುವ ರಾಕರ್ ಜತೆ ಗೈಡ್ ಪ್ಲೇಟನ್ನೂ ಹಾಕಿದರೆ ಇಬ್ಬರು ಯಜಮಾನರ ನಡುವೆ ಸಿಕ್ಕಿದ ರಾಕರ್ ಬಿಗಿದುಕೊಂಡು ವಾಲ್ವ್ ಗೈಡನ್ನು ತಿನ್ನುತ್ತದೆ. ಯಾವುದಾದರೂ ಒಂದೇ ಇರಲಿ. ಫೋರ್ಡ್ 289ರಲ್ಲಿ ಈ ಬದಲಾವಣೆ 1966ರಲ್ಲೇ ಆಗಿತ್ತು, ಅಲ್ಲಿ ಹೆಡ್‌ನ ವರ್ಷ ನೋಡದೆ ರಾಕರ್ ಕೊಳ್ಳಬಾರದು. ಕ್ರೈಸ್ಲರ್ ಎಂಜಿನ್‌ಗಳಲ್ಲಿ ಸ್ಟಡ್‌ನ ತಂಟೆಯೇ ಇಲ್ಲ, ರಾಕರ್‌ಗಳು ಶಾಫ್ಟ್ ಮೇಲಿವೆ. ಆದರೆ ಶಾಫ್ಟ್ ತಿರುಗುಮುರುಗಾಗಿ ಕೂತರೆ ಎಣ್ಣೆಯ ರಂಧ್ರಗಳು ತಪ್ಪಿ ಎಲ್ಲ ರಾಕರ್‌ಗಳೂ ಒಟ್ಟಿಗೆ ಒಣಗುತ್ತವೆ.

ಜೋಡಿಸಿದ ಮೇಲೆ

ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಸ್ಪ್ರಿಂಗ್, ಪುಶ್‌ರಾಡ್, ರಾಕರ್ ಮೂರನ್ನೂ ಒಟ್ಟಿಗೆ ಬದಲಿಸಿ ಕಾರು ಸರಿಹೋದರೆ ಯಾವುದರಿಂದ ಎಂದು ತಿಳಿಯದು, ಮುಂದಿನ ಋತುವಿನಲ್ಲಿ ದೋಷ ಮರುಕಳಿಸಿದಾಗ ಮತ್ತೆ ಮೂರಕ್ಕೂ ದುಡ್ಡು. ನಾನು ಹಿಡಿಯುವ ಕ್ರಮ: ಸ್ಪ್ರಿಂಗ್ ಎತ್ತರ ಸಮ ಮಾಡಿ ಒಂದು ಓಟ, ಗಡುಸು ಪುಶ್‌ರಾಡ್ ಹಾಕಿ ಒಂದು ಓಟ, ಸ್ಟಡ್ ಸಂಶಯವಿದ್ದರೆ ಅದು, ಆಮೇಲೆ ಹೆಕ್ಕಿದ ರಾಕರ್.

ಪ್ರತಿ ಓಟದ ನಂತರ ಬರೆದಿಟ್ಟ ಆ ಮುಗ್ಗರಿಕೆಯ ಆರ್‌ಪಿಎಂ ನೋಡಿ. ಗಡುಸು ಪುಶ್‌ರಾಡ್‌ನಿಂದ ಅದು ಒಂದೆರಡು ನೂರು ಮೇಲೇರಿದರೆ ಬಾಗುವಿಕೆಯೇ ಕಾರಣವಾಗಿತ್ತು. ಉಳಿದದ್ದನ್ನು ಸ್ಪ್ರಿಂಗ್‌ನಲ್ಲಿ ಹುಡುಕಿ. ಹೊಸ ಸ್ಪ್ರಿಂಗ್ ಹಾಕಿದಾಗ ಅದು ಕೆಳಗಿಳಿದರೆ ಸ್ಪ್ರಿಂಗ್ ಪುಶ್‌ರಾಡನ್ನು ಮೀರಿದೆ, ಒತ್ತಡ ಇಳಿಸಿ. ಇಷ್ಟೆಲ್ಲ ಮಾಡಿಯೂ ಅದು 50 ಆರ್‌ಪಿಎಂನಷ್ಟೂ ಅಲುಗಾಡದಿದ್ದರೆ ವಾಲ್ವ್ ಭಾಗಗಳನ್ನು ಬಿಟ್ಟು ಇಗ್ನಿಷನ್ ಬಾಕ್ಸಿನ ಆರ್‌ಪಿಎಂ ಮಿತಿ ಎಷ್ಟಕ್ಕೆ ಹೊಂದಿಸಿದೆ ಎಂದು ನೋಡಿ.